ಅತ್ಯಾಚಾರಿಯ ಪೂರ್ವಚರಿತ್ರೆ

2025ನೆಯ ಇಸವಿಯ ಮೇ ತಿಂಗಳಲ್ಲಿ ಹಾನಗಲ್ ತಾಲೂಕಿನ ಅಕ್ಕಿಆಲೂರಿನಲ್ಲಿ ನಡೆದ ಮೆರವಣಿಗೆಯನ್ನು ನಮ್ಮ ಓದುಗರು ಮರೆತಿರಲಾರರು. ಮೋಟಾರುಗಳೂ ಮೋಟಾರು ಸೈಕಲ್ಲುಗಳೂ ಸಾಲುಗೂಡಿದ್ದವು, ಜಯಘೋಷವಿದ್ದಿತು, ವಾಹನಗಳಲ್ಲಿ ಕುಳಿತ ತರುಣರು ಎರಡು ಬೆರಳೆತ್ತಿ ವಿಜಯದ ಸನ್ನೆ ಮಾಡುತ್ತಿದ್ದರು. ಇವರು ಚುನಾವಣೆಯಲ್ಲಿ ಗೆದ್ದು ಬಂದವರಲ್ಲ, ಕುಸ್ತಿಯ ಕಣದಿಂದ ಗದೆ ಹೊತ್ತು ಬಂದವರೂ ಅಲ್ಲ. ಸಾಮೂಹಿಕ ಅತ್ಯಾಚಾರದ ಆಪಾದನೆಯ ಮೇಲೆ ಸೆರೆಮನೆಯಲ್ಲಿದ್ದು, ಹಾವೇರಿಯ ನ್ಯಾಯಾಲಯದಿಂದ ಜಾಮೀನು ಪಡೆದು ಹೊರಬಂದ ಏಳು ಮಂದಿ ಆಪಾದಿತರು.

ಪ್ರಕರಣದ ಮೂಲವನ್ನು ಸಂಕ್ಷೇಪವಾಗಿ ಹೇಳುವದು ಅವಶ್ಯ. 2024ನೆಯ ಜನವರಿ ಮೊದಲ ಭಾಗದಲ್ಲಿ ಹಾನಗಲ್ಲಿನ ಒಂದು ವಸತಿಗೃಹದ ಕೋಣೆಗೆ ಗುಂಪೊಂದು ನುಗ್ಗಿ, ಅಲ್ಲಿದ್ದ ಭಿನ್ನಮತೀಯ ಸ್ತ್ರೀಪುರುಷರನ್ನು ಥಳಿಸಿ, ಆ ಥಳಿತವನ್ನು ತಾವೇ ಚಿತ್ರೀಕರಿಸಿ ಊರಿಗೆಲ್ಲ ಹಂಚಿತು. ಮೊದಲು ಇದು ಬರಿಯ ಹೊಡೆದಾಟದ ಪ್ರಕರಣವೆಂದು ದಾಖಲಾಯಿತು. ಕೆಲವೇ ದಿನಗಳಲ್ಲಿ ಆ ಮಹಿಳೆಯು ನ್ಯಾಯಾಧೀಶರ ಮುಂದೆ ಹೇಳಿಕೆ ಕೊಟ್ಟು, ತನ್ನನ್ನು ಕಾಡಿಗೆ ಒಯ್ದು ಅನೇಕರು ಅತ್ಯಾಚಾರ ಮಾಡಿದರೆಂದು ತಿಳಿಸಿದ ಮೇಲೆ ಸಾಮೂಹಿಕ ಅತ್ಯಾಚಾರದ ಕಲಮು ಸೇರಿತು. ಒಟ್ಟು 19 ಮಂದಿ ಬಂಧಿತರಾದರು. ಮೆರವಣಿಗೆಯ ತರುವಾಯ ಪೊಲೀಸರು ಬೇರೊಂದು ಪ್ರಕರಣ ದಾಖಲಿಸಿ ಕೆಲವರನ್ನು ಮತ್ತೆ ಬಂಧಿಸಿದರು.

ಆಪಾದಿತರು ಅಪರಾಧಿಗಳೋ ಅಲ್ಲವೋ ಎಂಬುದನ್ನು ಹೇಳಬೇಕಾದವರು ನ್ಯಾಯಾಧೀಶರು. ಆ ಕೆಲಸಕ್ಕೆ ನಾವು ಕೈಹಾಕುವದಿಲ್ಲ. ಜಾಮೀನು ಪಡೆಯುವದು ಕಾನೂನು ಕೊಟ್ಟ ಹಕ್ಕು. ಆದರೆ ಮೆರವಣಿಗೆಯು ಹಾಡುಹಗಲೇ ನಡೆದ ಸಂಗತಿಯಾದುದರಿಂದ ಅದಕ್ಕೆ ಸಾಕ್ಷಿ ಪುರಾವೆಗಳು ಬೇಕಾಗಿಲ್ಲ. ಅತ್ಯಾಚಾರ ಮಾಡುವವನು ಎಂಥವನು, ಯಾವ ಮನೆಯಲ್ಲಿ ಯಾವ ಸಹವಾಸದಲ್ಲಿ ಬೆಳೆದವನು ಎಂಬ ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞರು ಕಳೆದ ಅರ್ಧ ಶತಮಾನದಿಂದ ವಿಚಾರಿಸುತ್ತ ಬಂದಿದ್ದಾರೆ. ಅವರ ವಿಚಾರಣೆಯ ಫಲವನ್ನು ಆ ಮೆರವಣಿಗೆಯ ಪಕ್ಕದಲ್ಲಿಟ್ಟು ನೋಡುವದು ಈ ಲೇಖನದ ಉದ್ದೇಶ.

ಇಂಥ ಸುದ್ದಿ ಬಂದಾಗಲೆಲ್ಲ ನಮ್ಮ ಪೇಟೆಗಳ ಚಹಾದಂಗಡಿಗಳಲ್ಲಿ ಕೇಳಿಬರುವ ಉತ್ತರಗಳು ಸಿದ್ಧವಾಗಿಯೇ ಇರುತ್ತವೆ. ಅವರು ಮನುಷ್ಯರೇ ಅಲ್ಲ, ರಾಕ್ಷಸರು ಎಂಬುದೊಂದು. ಕುಡಿತವು ಬುದ್ಧಿಗೆಡಿಸಿತು ಎಂಬುದಿನ್ನೊಂದು. ಧ್ವನಿ ತಗ್ಗಿಸಿ ಹೇಳುವ ಮೂರನೆಯದು, ಆಕೆ ಅಲ್ಲಿಗೇಕೆ ಹೋಗಿದ್ದಳು ಎಂಬುದು.

ರಾಕ್ಷಸನೆಂಬ ಉತ್ತರವು ಹೇಳುವವನಿಗೆ ಬಹಳ ಹಿತಕರವಾದುದು. ಅವನು ರಾಕ್ಷಸನಾದರೆ ನಮ್ಮ ಓಣಿಯವನಲ್ಲ, ನಮ್ಮ ಸೋದರಳಿಯನಲ್ಲ, ನಮ್ಮ ಶಾಲೆಯಲ್ಲಿ ಕಲಿತವನಲ್ಲವೆಂದಾಗುತ್ತದೆ. ಆದರೆ ಸರಕಾರದ ಅಪರಾಧ ದಾಖಲೆಗಳು ವರ್ಷ ವರ್ಷವೂ ಬೇರೆಯದನ್ನೇ ಹೇಳುತ್ತಿವೆ. 2022ರಲ್ಲಿ ಭಾರತದಲ್ಲಿ ದಾಖಲಾದ ಅತ್ಯಾಚಾರದ ಪ್ರಕರಣಗಳು 31,516. ಇಂಥ ಪ್ರಕರಣಗಳಲ್ಲಿ ನೂರಕ್ಕೆ 95ಕ್ಕೂ ಮಿಕ್ಕಿದವುಗಳಲ್ಲಿ ಆಪಾದಿತನು ಫಿರ್ಯಾದಿಗೆ ಗುರುತಿದ್ದವನೇ: ಬಂಧು, ನೆರೆಯವ, ಸ್ನೇಹಿತ, ಧಣಿ.

ಅಮೇರಿಕದ ಡಯಾನಾ ಸ್ಕಲ್ಲಿ ಎಂಬ ವಿದುಷಿಯು ವರ್ಜೀನಿಯಾ ಸಂಸ್ಥಾನದ ಸೆರೆಮನೆಗಳಲ್ಲಿ 114 ಮಂದಿ ಅತ್ಯಾಚಾರಿಗಳೊಡನೆ ದೀರ್ಘ ಸಂಭಾಷಣೆ ನಡೆಸಿ 1990ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಹೋಲಿಸಿ ನೋಡುವದಕ್ಕೆಂದು ಬೇರೆ ಅಪರಾಧಗಳ ಕೈದಿಗಳನ್ನೂ ಮಾತನಾಡಿಸಿದರು. ಅತ್ಯಾಚಾರವು ಮನೋರೋಗವೆಂಬ ಮಾತನ್ನು ಅವರು ಒಪ್ಪಲಿಲ್ಲ; ಅದು ಕಲಿತು ಬಂದ ನಡತೆಯೆಂದರು. ಎಲ್ಲಿಂದ ಕಲಿತದ್ದೆಂಬುದು ಕೈದಿಗಳ ಸಮರ್ಥನೆಯ ಮಾತುಗಳಿಂದಲೇ ಹೊರಬಿದ್ದಿತು. ಹೆಣ್ಣು ಬೇಡವೆಂದರೆ ಬೇಕೆಂದೇ ಅರ್ಥ. ಒಳ್ಳೆಯ ಮನೆಯ ಹೆಂಗಸರಿಗೆ ಹೀಗಾಗುವದಿಲ್ಲ. ಅವಳ ನಡತೆ ಊರಿಗೇ ಗೊತ್ತು. ಈ ಮಾತುಗಳನ್ನು ಅವರು ಸೆರೆಮನೆಯಲ್ಲಿ ಹೊಸದಾಗಿ ಹೊಸೆಯಲಿಲ್ಲ. ಹೊರಗಿನ ಸಭ್ಯ ಸಮಾಜದಿಂದ ಹೊತ್ತು ತಂದಿದ್ದರು. ಇದರ ಮೇಲೆ ಇನ್ನೊಂದು ಸಂಗತಿ: ಕೆಲವರು ತಮ್ಮ ಕೃತ್ಯವನ್ನು ಶಿಕ್ಷೆಯೆಂದು ಬಗೆದಿದ್ದರು. ಯಾವಳೋ ಒಬ್ಬಳ ಮೇಲಿನ ಸಿಟ್ಟನ್ನು ಇನ್ನಾವಳ ಮೇಲೋ ತೀರಿಸಿಕೊಂಡರೂ ಅದು ನ್ಯಾಯವೆಂದೇ ಅವರ ಭಾವನೆ. ಗುಂಪಿನಲ್ಲಿ ಭಾಗಿಗಳಾದವರಿಗಂತೂ ಅದು ಸಾಹಸದ ಆಟವಾಗಿತ್ತು.

ಶಿಕ್ಷೆಯೆಂಬ ಈ ಭಾವನೆಯು ನಮ್ಮನ್ನು ಇಲ್ಲಿ ನಿಲ್ಲಿಸುತ್ತದೆ. ಪರಸ್ತ್ರೀಪುರುಷರು ಕೂಡಿ ಕುಳಿತರೆ ಬಾಗಿಲು ಒಡೆದು ಬುದ್ಧಿ ಕಲಿಸುವ ಅಧಿಕಾರ ತಮಗಿದೆಯೆಂದು ತಿಳಿದ ತರುಣರು ನಮ್ಮ ನಾಡಿನ ಮಂಗಳೂರಿನಿಂದ ಹಾನಗಲ್ಲಿನವರೆಗೆ ಹಲವು ಕಡೆ ಕಾಣಿಸಿಕೊಂಡಿದ್ದಾರೆ. ಅವರು ಯಾವ ಒಂದು ಮತದ ಸೊತ್ತೂ ಅಲ್ಲ. ಹೊಡೆಯುವ ಅಧಿಕಾರವಿದೆಯೆಂದು ಒಮ್ಮೆ ಮನಸ್ಸು ಒಪ್ಪಿದರೆ, ಅದಕ್ಕೆ ಮುಂದಿನ ಮೆಟ್ಟಿಲು ದೂರದ್ದಲ್ಲ. ಶೀಲವನ್ನು ಕಾಯುತ್ತೇವೆನ್ನುವವರ ಬಾಯಲ್ಲಿಯೂ ಸ್ಕಲ್ಲಿಯವರ ಕೈದಿಗಳ ಬಾಯಲ್ಲಿಯೂ ‘ಅಂಥ ಹೆಂಗಸು’ ಎಂಬ ಒಂದೇ ಪದ ಬರುತ್ತದೆ. ಹಾನಗಲ್ಲಿನ ಥಳಿತದ ಚಿತ್ರವನ್ನು ಹಂಚಿದವರಲ್ಲಿ ಅದು ತಮ್ಮ ವಿರುದ್ಧವೇ ಸಾಕ್ಷಿಯಾದೀತೆಂಬ ಅಂಜಿಕೆಯೇ ಇರಲಿಲ್ಲ.

ಸೆರೆಮನೆಯ ಅಧ್ಯಯನಗಳಿಗೆ ಒಂದು ಕೊರತೆಯುಂಟು: ಅಲ್ಲಿರುವವರು ಸಿಕ್ಕಿಬಿದ್ದವರು ಮಾತ್ರ. ಈ ಕೊರತೆಯನ್ನು ತುಂಬಲು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಬಾಂಗ್ಲಾದೇಶ, ಶ್ರೀಲಂಕಾ, ಚೀನ, ಇಂಡೋನೇಷಿಯಾ, ಕಾಂಬೋಡಿಯ, ಪಪುವಾ ನ್ಯೂಗಿನಿಗಳಲ್ಲಿ ಮನೆಮನೆಗೆ ಹೋಗಿ ಹತ್ತು ಸಾವಿರಕ್ಕೂ ಹೆಚ್ಚು ಗಂಡಸರನ್ನು ಗುಟ್ಟಾಗಿ ಪ್ರಶ್ನಿಸಿ 2013ರಲ್ಲಿ ವರದಿ ಪ್ರಕಟಿಸಿದವು. ‘ಅತ್ಯಾಚಾರ’ ಎಂಬ ಶಬ್ದವನ್ನು ಬಳಸದೆ, ಇಷ್ಟವಿಲ್ಲದ ಹೆಣ್ಣನ್ನು ಬಲಾತ್ಕರಿಸಿದ್ದುಂಟೋ ಎಂದು ಕೇಳಿದರು. ಬಹಳ ಮಂದಿ ಸಂಕೋಚವಿಲ್ಲದೆ ಹೌದೆಂದರು. ಏಕೆ ಮಾಡಿದಿರೆಂದರೆ ನೂರಕ್ಕೆ 73 ಮಂದಿ ತಮಗೆ ಬೇಕೆನಿಸಿತು, ಆದುದರಿಂದ ಪಡೆದೆವು ಎಂಬರ್ಥದ ಉತ್ತರ ಕೊಟ್ಟರು. ಹೊತ್ತು ಹೋಗಲಿಲ್ಲವೆಂದು, ಮೋಜಿಗೆಂದು ಮಾಡಿದವರು 59. ಸಿಟ್ಟಿನಿಂದ, ಬುದ್ಧಿ ಕಲಿಸಲೆಂದು ಮಾಡಿದವರು 38. (ಒಬ್ಬನೇ ಎರಡು ಮೂರು ಕಾರಣ ಹೇಳಿದ್ದುಂಟು.) ಕುಡಿತದ ಹೆಸರು ಹೇಳಿದವರು ನೂರಕ್ಕೆ 27 ಮಾತ್ರ, ಎಲ್ಲಕ್ಕಿಂತ ಕಡಿಮೆ. ಚಹಾದಂಗಡಿಯ ಎರಡನೆಯ ಉತ್ತರಕ್ಕೆ ಇಷ್ಟು ಸಾಕು. ಮದ್ಯಪಾನ ನಿಷೇಧದ ಪಕ್ಷಪಾತಿಗಳಿಗೆ ಇದು ರುಚಿಸಲಿಕ್ಕಿಲ್ಲ. ಮದ್ಯವನ್ನು ನಿಂದಿಸುವದಕ್ಕೆ ಅವರಿಗೆ ಬೇರೆ ಕಾರಣಗಳು ಬೇಕಾದಷ್ಟಿವೆ.

ಅದೇ ವರದಿಯ ಇನ್ನೊಂದು ಅಂಶ: ತಪ್ಪೊಪ್ಪಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೊದಲ ಸಲ ಹೀಗೆ ಮಾಡಿದ್ದು ಇಪ್ಪತ್ತು ತುಂಬುವದಕ್ಕೆ ಮುಂಚೆ. ಮೀಸೆ ಚಿಗುರುವ ಹೊತ್ತಿಗೇ ಮನಸ್ಸು ಹದಗೆಟ್ಟಿರುತ್ತದೆಂದಾಯಿತು. ಹಾಗಾದರೆ ಬಾಲ್ಯದಲ್ಲಿ ಏನಾಗಿತ್ತು?

ಈ ಪ್ರಶ್ನೆಯ ಸುತ್ತ ಜನರಲ್ಲೊಂದು ತಪ್ಪು ನಂಬಿಕೆ ಬೆಳೆದಿರುತ್ತದೆ. ಬಾಲ್ಯದಲ್ಲಿ ಲೈಂಗಿಕ ಪೀಡನೆಗೆ ಒಳಗಾದ ಹುಡುಗನು ದೊಡ್ಡವನಾಗಿ ತಾನೂ ಪೀಡಕನಾಗುತ್ತಾನೆಂಬುದೇ ಅದು. ಲಂಡನ್ನಿನ ವೈದ್ಯರು ಹಾಗೆ ಪೀಡಿತರಾಗಿದ್ದ 224 ಹುಡುಗರ ಮುಂದಿನ ಜೀವನವನ್ನು ಶೋಧಿಸಿ 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅವರಲ್ಲಿ ಮುಂದೆ ಲೈಂಗಿಕ ಅಪರಾಧ ಮಾಡಿದವರು 26 ಮಂದಿ, ಅಂದರೆ ನೂರಕ್ಕೆ 12ರಷ್ಟು. ಉಳಿದವರ ವಿರುದ್ಧ ಅಂಥದೇನೂ ಕಂಡುಬರಲಿಲ್ಲ. ಕೆಟ್ಟವರಲ್ಲಿ ಹೆಚ್ಚಾಗಿ ಕಂಡುಬಂದದ್ದು ಮನೆಯೊಳಗಿನ ಹೊಡೆದಾಟವನ್ನು ಕಣ್ಣಾರೆ ಕಂಡ, ಹೇಳಕೇಳುವವರಿಲ್ಲದೆ ಬೆಳೆದ ಬಾಲ್ಯ. ಅಮೇರಿಕದಲ್ಲಿ ಕ್ಯಾಥಿ ವಿಡಮ್ ಎಂಬವರು 1967ರಿಂದ 1971ರವರೆಗೆ ನ್ಯಾಯಾಲಯದಲ್ಲಿ ಸಿದ್ಧವಾದ ಶಿಶುಪೀಡನೆಯ 908 ಪ್ರಕರಣಗಳ ಮಕ್ಕಳನ್ನು ದಶಕಗಳ ಕಾಲ ಅನುಸರಿಸಿ, ಅದೇ ತರದ ನೆರೆಯ 667 ಮಕ್ಕಳೊಡನೆ ಹೋಲಿಸಿದರು. 2015ರಲ್ಲಿ ಬಂದ ಫಲಿತಾಂಶವೂ ಇದನ್ನೇ ಹೇಳುತ್ತದೆ: ಹೊಡೆತ ತಿಂದು ಬೆಳೆದವರೂ ಅಲಕ್ಷ್ಯಕ್ಕೆ ಗುರಿಯಾದವರೂ ಮುಂದೆ ಲೈಂಗಿಕ ಅಪರಾಧಕ್ಕಾಗಿ ಬಂಧಿತರಾಗುವ ಸಂಭವ ಹೆಚ್ಚು, ಲೈಂಗಿಕ ಪೀಡನೆಯೊಂದರಿಂದಲೇ ಅಂಥ ಸ್ಪಷ್ಟ ಸಂಬಂಧ ಕಾಣಲಿಲ್ಲ. ಪೀಡನೆಯನ್ನು ಉಂಡ ಬಾಲಕನ ಹಣೆಗೆ ನಾಳಿನ ಪೀಡಕನೆಂಬ ಚೀಟಿ ಅಂಟಿಸುವದು ಅವನಿಗೆ ಮಾಡುವ ಎರಡನೆಯ ದ್ರೋಹ. ಅವನು ಬಾಯಿಬಿಡದೆ ಇರುವದಕ್ಕೆ ಈ ಅಂಜಿಕೆಯೂ ಕಾರಣವಾಗಬಲ್ಲದು. ಬೆತ್ತವಿಲ್ಲದೆ ವಿದ್ಯೆ ಬಾರದೆಂಬ ನಮ್ಮ ಹಿರಿಯರ ನಂಬಿಕೆಯನ್ನೂ ಇದೇ ಬೆಳಕಿನಲ್ಲಿ ತೂಗಬೇಕಾಗಿದೆ.

ನಮ್ಮ ದೇಶದ ಸೆರೆಮನೆಯೊಳಗಿನ ದನಿಯನ್ನು ಕೇಳಿಸಿದವರು ಮಧುಮಿತಾ ಪಾಂಡೆಯವರು. 2012ರ ಡಿಸೆಂಬರದ ದಿಲ್ಲಿಯ ಘಟನೆಯ ಮರುವರ್ಷ, 22 ವರ್ಷದ ಈ ತರುಣಿಯು ತಿಹಾರ್ ಸೆರೆಮನೆಗೆ ಹೋಗಿ, ಮುಂದಿನ ಕೆಲ ವರ್ಷಗಳಲ್ಲಿ ಸುಮಾರು ನೂರು ಮಂದಿ ಅತ್ಯಾಚಾರಿಗಳನ್ನು ಮಾತನಾಡಿಸಿದರು. ರಾಕ್ಷಸರನ್ನು ಕಾಣುವೆನೆಂದು ಹೋದವರು ಸಾಮಾನ್ಯರನ್ನು ಕಂಡರು; ಮೂರನೆಯ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರೇ ಹಲವರು. ತಾವು ಮಾಡಿದ್ದು ಅತ್ಯಾಚಾರವೆಂಬುದೇ, ಹೆಣ್ಣಿನ ಸಮ್ಮತಿಯೆಂಬುದೊಂದು ಇದೆಯೆಂಬುದೇ ಅನೇಕರಿಗೆ ತಿಳಿದಿರಲಿಲ್ಲ. ನಿಜವಾದ ಪಶ್ಚಾತ್ತಾಪ ಕಂಡದ್ದು ಮೂರು ನಾಲ್ವರಲ್ಲಿ. ಐದು ವರ್ಷದ ಮಗುವನ್ನು ಕೆಡಿಸಿದವನೊಬ್ಬನು, ತಾನು ಹೊರಬಂದ ಮೇಲೆ ಅವಳನ್ನೇ ಮದುವೆಯಾಗುವೆನೆಂದು ಉದಾರತೆಯಿಂದ ಹೇಳಿದನಂತೆ! ಇದನ್ನು ಓದಿ ಬೆಚ್ಚಿದವರು, ಬಲಾತ್ಕಾರ ಮಾಡಿದವನಿಗೇ ಕನ್ಯೆಯನ್ನು ಕೊಟ್ಟು ರಾಜಿ ಮಾಡಿಸುವ ಪಂಚರು ನಮ್ಮಲ್ಲಿ ಇರಲಿಲ್ಲವೇ ಎಂದು ನೆನೆಸಿಕೊಳ್ಳಲಿ. ನಮ್ಮ ಮನೆಗಳಲ್ಲಿ ಹೆಂಡತಿಯು ಗಂಡನ ಹೆಸರನ್ನೂ ಹೇಳುವದಿಲ್ಲವೆಂಬ ಚಿಕ್ಕ ಸಂಗತಿಯನ್ನೂ ಪಾಂಡೆಯವರು ಎತ್ತಿದ್ದಾರೆ. ಒಡಪು ಕಟ್ಟಿ ಹೆಸರು ಹೇಳುವ ಚೆಲುವಾದ ಪದ್ಧತಿಯುಳ್ಳ ನಮ್ಮ ಉತ್ತರ ಕರ್ನಾಟಕದವರಿಗೆ ಇದು ಅತಿಯೆನಿಸಬಹುದು; ನಮಗೂ ಒಡಪು ಬಿಡುವ ಮನಸ್ಸಿಲ್ಲ. ಆದರೆ ಗಂಡಸಿನ ಹೆಸರಿಗೇ ಅಷ್ಟು ಭಾರವಿರುವ ಮನೆಯಲ್ಲಿ ಹೆಂಗಸಿನ ‘ಬೇಡ’ ಎಂಬ ಮಾತಿಗೆ ತೂಕವೆಷ್ಟೆಂಬುದನ್ನು ಮಗನು ಪುಸ್ತಕವಿಲ್ಲದೆಯೇ ಕಲಿಯುತ್ತಾನೆ.

ಹಾನಗಲ್ಲೇ ವಿರಾಟನಗರವೆಂದು ಆ ಸೀಮೆಯ ಜನ ತಲೆತಲಾಂತರದಿಂದ ನಂಬಿದ್ದಾರೆ. ಕೀಚಕನ ಕಥೆಯನ್ನು ಗಮಕಿಗಳಿಂದ ಕೇಳದವರು, ಆಟದಲ್ಲಿ ನೋಡದವರು ನಮ್ಮಲ್ಲಿ ವಿರಳ. ಆ ಕಥೆಯಲ್ಲಿ ದುಷ್ಟನು ಒಬ್ಬನೇ ಇರುವನೆಂದು ತಿಳಿದರೆ ತಪ್ಪಾದೀತು. ಮದ್ಯ ತರುವ ನೆವದಿಂದ ಸೈರಂಧ್ರಿಯನ್ನು ಅವನ ಮನೆಗೆ ಅಟ್ಟಿದವಳು ರಾಣಿ ಸುದೇಷ್ಣೆ. ತುಂಬಿದ ಸಭೆಯಲ್ಲಿ ಅವನು ಒದ್ದಾಗ ಸೇನಾಪತಿಯೂ ಭಾವಮೈದುನನೂ ಆದ ಅವನಿಗೆ ಏನೂ ಹೇಳಲಾರದೆ ಕುಳಿತವನು ರಾಜ. ಕೀಚಕನು ಸತ್ತ ಮೇಲೆ ಅವಳಿಂದಲೇ ಹೀಗಾಯಿತೆಂದು ಅವಳನ್ನು ಕಟ್ಟಿ ಚಿತೆಗೆ ಹೊತ್ತು ನಡೆದವರು ಅವನ ನೂರಾರು ತಮ್ಮಂದಿರು. ಅದೂ ಒಂದು ಮೆರವಣಿಗೆಯೇ. ಮನಶ್ಶಾಸ್ತ್ರಜ್ಞರು ಜೊತೆಗಾರರ ಒತ್ತಾಸೆಯೆಂದು ಇಂದು ಕರೆಯುವದನ್ನು ವ್ಯಾಸರು ಉಪಕೀಚಕರೆಂದು ಕರೆದರು. ಅಕ್ಕಿಆಲೂರಿನ ಬೀದಿಯಲ್ಲಿ ನಿಂತು ನೋಡಿದ ಹತ್ತು ಹನ್ನೆರಡು ವರ್ಷದ ಹುಡುಗನಿಗೆ ಕಲಮುಗಳೂ ಗೊತ್ತಿಲ್ಲ, ಜಾಮೀನಿನ ಸೂಕ್ಷ್ಮವೂ ಗೊತ್ತಿಲ್ಲ. ಅವನು ಕಂಡದ್ದು ಹಿರಿಯರ ಹರ್ಷ.

ಪೂರ್ವಚರಿತ್ರೆಯನ್ನು ವಿಚಾರಿಸುವದೆಂದರೆ ಅಪರಾಧಿಯನ್ನು ಕ್ಷಮಿಸಲು ನೆವ ಹುಡುಕುವದೆಂದು ಕೆಲವರು ಆಕ್ಷೇಪಿಸುತ್ತಾರೆ. ಬೇನೆಯ ಮೂಲವನ್ನು ಹುಡುಕುವ ವೈದ್ಯನು ಬೇನೆಯ ಪಕ್ಷಪಾತಿಯಲ್ಲ. ಬಡತನದಲ್ಲಿ, ಹೊಡೆತದಲ್ಲಿ ಬೆಳೆದು ಸಜ್ಜನರಾಗಿ ಬಾಳುವವರೇ ಬಹುಸಂಖ್ಯಾಕರಾಗಿರುವಾಗ ಬಾಲ್ಯವು ಯಾರ ಶಿಕ್ಷೆಯನ್ನೂ ತಗ್ಗಿಸಬೇಕಾಗಿಲ್ಲ. ಆದರೆ ಶಿಕ್ಷೆಯಾದ ಮೇಲೆ ಸೆರೆಮನೆಯೊಳಗೆ ಬೋಧನೆಯಿಂದ ತಿದ್ದುತ್ತೇವೆಂಬ ಭರವಸೆಯೂ ಅಷ್ಟು ಸುಲಭದ್ದಲ್ಲ. ಇಂಗ್ಲಂಡಿನಲ್ಲಿ ಬಹುಕಾಲ ನಡೆದ ಅಂಥ ಶಿಕ್ಷಣಕ್ರಮವೊಂದನ್ನು 2017ರಲ್ಲಿ ಪರೀಕ್ಷಿಸಿದಾಗ, ಪಾಠ ಕೇಳಿದವರಲ್ಲಿ ನೂರಕ್ಕೆ 10 ಮಂದಿ, ಕೇಳದವರಲ್ಲಿ 8 ಮಂದಿ ಮತ್ತೆ ಲೈಂಗಿಕ ಅಪರಾಧ ಮಾಡಿದ್ದು ಕಂಡುಬಂದು ಸರಕಾರವು ಅದನ್ನು ಕೈಬಿಟ್ಟಿತು. ಬೇರೆ ಕೆಲವು ಕ್ರಮಗಳಿಂದ ತಕ್ಕಮಟ್ಟಿಗೆ ಪ್ರಯೋಜನವಾದುದೂ ಉಂಟು. ಏನೇ ಇರಲಿ, ಮೂವತ್ತರ ವಯಸ್ಸಿನಲ್ಲಿ ತಿದ್ದುವದಕ್ಕಿಂತ ಹದಿಮೂರರಲ್ಲಿ ತಿದ್ದುವದು ಅಗ್ಗ.

ನ್ಯಾಯಮೂರ್ತಿ ವರ್ಮಾ ಅವರ ಸಮಿತಿಯು 2013ರ ಜನವರಿಯಲ್ಲಿ ಕೊಟ್ಟ ವರದಿಯಲ್ಲಿ ಶಿಕ್ಷಣ ಮತ್ತು ದೃಷ್ಟಿಯ ಸುಧಾರಣೆಗೆಂದೇ ಒಂದು ಅಧ್ಯಾಯವಿದ್ದಿತು. ಕಲಮುಗಳನ್ನು ತಿದ್ದುವಾಗ ತೋರಿದ ಅವಸರವನ್ನು ಸರಕಾರಗಳು ಆ ಅಧ್ಯಾಯದ ವಿಷಯದಲ್ಲಿ ತೋರಲಿಲ್ಲ. ಹಿಂಡಲಗಾ, ಧಾರವಾಡ, ಬಳ್ಳಾರಿಗಳ ಸೆರೆಮನೆಗಳಲ್ಲಿ ಕನ್ನಡ ಮಾತನಾಡುವ ಅಪರಾಧಿಗಳಿದ್ದಾರೆ. ಅವರ ಮಾತನ್ನು ಕನ್ನಡದಲ್ಲಿಯೇ ಕೇಳಿ ಬರೆದುಕೊಳ್ಳಬಲ್ಲ ಮನೋವೈದ್ಯರು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇದ್ದಾರೆ. ಗೃಹ ಇಲಾಖೆಯು ಇವರಿಗೆ ಸೆರೆಮನೆಯ ಬಾಗಿಲು ತೆರೆದು, ದೊರೆತ ಫಲವನ್ನು ಹಾವೇರಿ ಜಿಲ್ಲೆಯ ಪ್ರೌಢಶಾಲೆಗಳ ಮುಖ್ಯಾಧ್ಯಾಪಕರ ಮೇಜಿಗೆ ಮುಟ್ಟಿಸುವ ಏರ್ಪಾಡು ಮಾಡಲಿ. ಹಾನಗಲ್ ತಾಲೂಕಿನ ಶಾಲೆಗಳಿಂದ ಈ ಕೆಲಸ ಆರಂಭವಾದರೆ ಒಳಿತು.