ರದ್ದಿಗೆ ಹೋಗುವ ನಮ್ಮ ಹೆಸರುಗಳು

ಗೋವಾದ ಸಾಂಕೋಲೆ ಕೈಗಾರಿಕಾ ವಸಾಹತಿನ ಪಕ್ಕದ ಝುವಾರಿನಗರದಲ್ಲಿ ಕನ್ನಡ ಕಿವಿಗೆ ಬೀಳದ ಓಣಿ ಅಪರೂಪ. ದುಡಿಯಲು ಬಂದವರು ಕೆಲಸಕ್ಕೆ ಸೇರುವ ದಿನ ಆಧಾರ್ ಜೆರಾಕ್ಸ್, ಪಾಸ್‌ಬುಕ್ಕಿನ ಮೊದಲ ಪುಟ, ಫೋಟೊ, ಪಿ.ಎಫ್. ಅರ್ಜಿಗೆ ಸಹಿ ಇಲ್ಲವೇ ಹೆಬ್ಬೆಟ್ಟು ಕೊಡುತ್ತಾರೆ. ಅವರು ಊರಿಗೆ ಮರಳಿದರೂ ಆ ಕಾಗದ ಕಚೇರಿಯ ಕಪಾಟಿನಲ್ಲೇ ಉಳಿಯುತ್ತದೆ. ಕಪಾಟು ತುಂಬಿದ ದಿನ ಅದು ಎಲ್ಲಿಗೆ ಹೋಗುತ್ತದೆ?

ನಮ್ಮಲ್ಲಿ ಹೆಚ್ಚಿನ ಕಡತಗಳು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ. ಕೆಲವರು ಸುಡುತ್ತಾರೆ. ದಪ್ಪ ಕಟ್ಟಿನ ಅಂಚು ಕರಕಲಾಗುತ್ತದೆ, ನಡುವಿನ ಹಾಳೆ ಓದುವಂತೆಯೇ ಉಳಿಯುತ್ತದೆ. 1834ರ ಬೆಂಕಿಯಲ್ಲಿ ಸಾಂಕೋಲೆಯ ಹಳೆಯ ಇಗರ್ಜಿ ನಾಶವಾದರೂ ಅದರ ಮುಂಗೋಡೆ ಇಂದಿಗೂ ನಿಂತಿದೆ. ಬೆಂಕಿ ಎಲ್ಲವನ್ನೂ ತಿನ್ನುವುದಿಲ್ಲ.

ಇದಕ್ಕೆ ಸರಿಯಾದ ದಾರಿ ಸುರಕ್ಷಿತ ಶ್ರೆಡ್ಡಿಂಗ್ ಸೇವೆ. ಸೇವೆಯವರು ಕಚೇರಿಯಲ್ಲಿ ಬೀಗ ಹಾಕಿದ ಪೆಟ್ಟಿಗೆ ಇಡುತ್ತಾರೆ. ತುಂಬಿದ ಮೇಲೆ ಸೀಲ್ ಮಾಡಿ, ತೂಕ ಬರೆದು, ಮುಚ್ಚಿದ ವಾಹನದಲ್ಲಿ ತಮ್ಮ ಘಟಕಕ್ಕೆ ಒಯ್ದು ಕತ್ತರಿಸುತ್ತಾರೆ. ಚೂರುಗಳು ಮರುಬಳಕೆಗೆ ಹೋಗುತ್ತವೆ, ಕಂಪನಿಗೆ ನಾಶದ ಪ್ರಮಾಣಪತ್ರ ಬರುತ್ತದೆ. ಅಪಾಯ ಇರುವುದು ನಡುವಿನ ಪಯಣದಲ್ಲಿ. ಪೆಟ್ಟಿಗೆ ಯಾರ ಕೈಯಿಂದ ಯಾರ ಕೈಗೆ, ಎಷ್ಟು ಹೊತ್ತಿಗೆ ಹೋಯಿತು ಎಂಬ ದಾಖಲೆ ಇಲ್ಲದಿದ್ದರೆ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ.

ಕತ್ತರಿಸುವುದರಲ್ಲೂ ಅಂತರವಿದೆ. 1979ರಲ್ಲಿ ಟೆಹರಾನಿನ ಅಮೆರಿಕ ರಾಯಭಾರ ಕಚೇರಿಯಲ್ಲಿ ಪಟ್ಟಿಪಟ್ಟಿಯಾಗಿ ಕತ್ತರಿಸಿದ್ದ ಕಡತಗಳನ್ನು ಇರಾನಿಯರು ತಾಳ್ಮೆಯಿಂದ ಜೋಡಿಸಿ, ಪುಸ್ತಕಗಳಾಗಿಯೇ ಅಚ್ಚು ಹಾಕಿದರು. ಜರ್ಮನಿಯ ಡಿಐಎನ್ 66399 ಮಾನದಂಡ ಕಾಗದಕ್ಕೆ ಪಿ-1ರಿಂದ ಪಿ-7ರವರೆಗೆ ಏಳು ಹಂತ ಗೊತ್ತುಮಾಡಿದೆ. ಪಿ-4ರಲ್ಲಿ ಒಂದು ಚೂರು 160 ಚದರ ಮಿಲಿಮೀಟರ್ ಮೀರುವಂತಿಲ್ಲ. ಅಂದರೆ ಒಂದು ಎ4 ಹಾಳೆ 390ರಷ್ಟು ಚೂರುಗಳಾಗಬೇಕು. ಗುರುತಿನ ದಾಖಲೆಗಳಿಗೆ ಕನಿಷ್ಠ ಈ ಹಂತವನ್ನಾದರೂ ಕೇಳಿ ಪಡೆಯಬೇಕು.

ಹಾಗೆಂದು ಅವಸರವೂ ಸಲ್ಲದು. 2013ರ ಕಂಪನಿ ಕಾಯ್ದೆಯಂತೆ ಲೆಕ್ಕಪುಸ್ತಕಗಳನ್ನು 8 ವರ್ಷ ಇಡಬೇಕು. ಜಿಎಸ್‌ಟಿ ದಾಖಲೆಗಳಿಗೆ ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳ ಅವಧಿ ಇದೆ. ವ್ಯಾಜ್ಯದಲ್ಲಿರುವ ಕಡತವನ್ನು ಮುಟ್ಟಲೇಬಾರದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಾಹಿತಿಗೆ ತಕ್ಕ ರಕ್ಷಣೆ ಕೊಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಡುತ್ತದೆ. ಕಾಗದದಲ್ಲಿ ಪಡೆದು ಕಂಪ್ಯೂಟರಿಗೆ ಏರಿಸಿದ ಮಾಹಿತಿಗೂ ಅದು ಅನ್ವಯ. ಆದರೆ ಬರೀ ಕಾಗದದಲ್ಲೇ ಉಳಿದ ಮಾಹಿತಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಕೂಲಿಕಾರನ ಹೆಬ್ಬೆಟ್ಟನ್ನು ಕಾಯಬೇಕಾದದ್ದು ಮಾಲೀಕರ ಆತ್ಮಸಾಕ್ಷಿ.

ಕೆಲಸಗಾರರಿಗೂ ಒಂದು ಮಾತು: ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕಾಗುವ ಕಡೆ ಅದನ್ನೇ ಕೊಡಿ. ಮಾಲೀಕರಲ್ಲಿ ವಿನಂತಿ: ಕಪಾಟಿನ ಕಾಗದ ನಿಮ್ಮದಿರಬಹುದು, ಅದರ ಮೇಲಿನ ಹೆಸರು ನಿಮ್ಮದಲ್ಲ. ನಂಬಿ ಕೊಟ್ಟವರ ಹೆಸರನ್ನು ಗುಜರಿಯ ತಕ್ಕಡಿಗೆ ಹಾಕಬೇಡಿ.