ಮಗಳನ್ನು ಮಂಗಳೂರಿಗೆ ಕಳಿಸುವ ಮುನ್ನ

"ಅಲ್ಲವ್ವ, ಕೊಟ್ಟೂರಾಗ ಕಾಲೇಜಿಲ್ಲೇನು? ಹೆಣ್ಣು ಹುಡುಗಿನ ಸಮುದ್ರದ ದಂಡಿಗೆ ಕಳಿಸಬೇಕಾ? ಅದೂ ಪಾದ್ರಿಗಳ ಕಾಲೇಜಿಗೆ?"

ನಮ್ಮ ಮಗಳು ಪಿ.ಯು.ಸಿ. ಪಾಸಾಗಿ, ಮಂಗಳೂರಿನ ಸಂತ ಅಲೋಶಿಯಸ್ ವಿಶ್ವವಿದ್ಯಾಲಯದಲ್ಲೇ ಬಿ.ಎಸ್‌ಸಿ. ಓದುತ್ತೇನೆಂದು ಹಟ ಹಿಡಿದಾಗ ನಮ್ಮ ಅತ್ತೆಯವರು ಕೇಳಿದ ಮಾತಿದು. ಸೋದರಿಯರೇ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ನಮ್ಮ ಸೀಮೆಯ ಯಾವ ಮನೆಯಲ್ಲಾದರೂ ಈ ಮಾತು ಬಂದೇ ಬರುತ್ತದೆ. ಎಸ್.ಎಸ್.ಎಲ್.ಸಿ. ಮುಗಿದೊಡನೆ ಮದುವೆಯಾಗಿ ಬಂದ ನನಗೆ ಉತ್ತರ ಎಲ್ಲಿಂದ ಗೊತ್ತಿರಬೇಕು? ಆದರೂ ಸುಮ್ಮನೆ ಕೂರಲಿಲ್ಲ. ಓದಿದೆ, ಕೇಳಿದೆ, ಯಜಮಾನರ ಜೊತೆ ಹೋಗಿ ಕಣ್ಣಾರೆ ನೋಡಿ ಬಂದೆ. ತಿಳಿದುಕೊಂಡದ್ದನ್ನು ನಿಮಗೂ ಹೇಳುತ್ತೇನೆ.

ಮಂಗಳೂರಿನ ಬಾವುಟಗುಡ್ಡದ ಮೇಲಿದೆ ಈ ಸಂಸ್ಥೆ. ಯೇಸುಸಭೆಯ ಪಾದ್ರಿಗಳು 1880ರಲ್ಲಿ ಇದನ್ನು ತೆರೆದರು. ಗುಡ್ಡದ ಜಾಗ ಕೊಟ್ಟವರು ಊರಿನವರೇ ಆದ ಲಾರೆನ್ಸ್ ಲೋಬೊ ಪ್ರಭು. ಸಂಸ್ಥೆಗೆ ಹೆಸರಾದ ಅಲೋಶಿಯಸ್ ಯಾರು ಗೊತ್ತೇ? ಇಟಲಿಯ ಶ್ರೀಮಂತರ ಮನೆಯ ಹುಡುಗ. ರೋಮ್ ನಗರದಲ್ಲಿ ಪ್ಲೇಗ್ ಬಂದಾಗ ರೋಗಿಗಳ ಸೇವೆಗೆ ನಿಂತು, ತಾನೂ ಕಾಯಿಲೆ ಹತ್ತಿ 1591ರಲ್ಲಿ ತೀರಿಕೊಂಡ. ಆಗ ಅವನಿಗಿನ್ನೂ 23 ವರ್ಷ.

ಆ ಕಾಲದಲ್ಲಿ ಮಂಗಳೂರು ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಕಾಲೇಜೂ ಮದ್ರಾಸ್ ವಿಶ್ವವಿದ್ಯಾಲಯದ ಕೆಳಗೆ. ನಮ್ಮ ಬಳ್ಳಾರಿ ಜಿಲ್ಲೆಯೂ ಆಗ ಮದ್ರಾಸಿನದೇ, ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. "ನೋಡ್ರಿ ಅತ್ತಿ, ಒಂದು ಕಾಲಕ್ಕ ಅವರೂ ನಾವೂ ಒಂದೇ ಸರ್ಕಾರದ ಕೆಳಗಿದ್ವಿ" ಎಂದಾಗ ಅತ್ತೆ ಸ್ವಲ್ಪ ಮೆತ್ತಗಾದರು!

ಪಾದ್ರಿಗಳು ಎಂದರೆ ಬರೀ ಇಂಗ್ಲಿಷ್ ಎಂದುಕೊಂಡಿದ್ದೆ. ಹಾಗಲ್ಲ. ಈ ಕಾಲೇಜಿನ ಇಟಲಿಯ ಪಾದ್ರಿ ಮಾಫೆಯಿ ಕೊಂಕಣಿ ಕಲಿತು, ಇಂಗ್ಲಿಷ್–ಕೊಂಕಣಿ ನಿಘಂಟನ್ನೇ ಬರೆದರು. 1883ರಲ್ಲಿ ಅದು ಅಚ್ಚಾಗಿದ್ದು ಪ್ರಾಟೆಸ್ಟೆಂಟರ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಪಂಪನ ಮೇಲೆ 'ನಾಡೋಜ ಪಂಪ' ಬರೆದ ಮುಳಿಯ ತಿಮ್ಮಪ್ಪಯ್ಯನವರು, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರು, ಇಬ್ಬರೂ ಅಲೋಶಿಯಸ್‌ನಲ್ಲಿ ಕನ್ನಡ ಪಾಠ ಹೇಳಿದವರು.

ಅಲ್ಲಿನ ಚರ್ಚನ್ನಂತೂ ನೋಡಿಯೇ ತಿಳಿಯಬೇಕು. ಆಂಟೋನಿಯೊ ಮೊಸ್ಕೇನಿ ಎಂಬ ಇಟಲಿಯ ಬ್ರದರ್ 1899ರಿಂದ ಸುಮಾರು ಎರಡು ವರ್ಷ ಕೂತು ಗೋಡೆ, ಛಾವಣಿಗಳ ತುಂಬ ಚಿತ್ರ ಬರೆದಿದ್ದಾರೆ. ಕತ್ತೆತ್ತಿ ನೋಡಿ ನೋಡಿ ನನ್ನ ಕುತ್ತಿಗೆ ನೋವು ಬಂತು. ಪಕ್ಕದಲ್ಲೇ ವಸ್ತು ಸಂಗ್ರಹಾಲಯವೂ ಇದೆ.

ಮೊದಲು ಇದು ಗಂಡು ಹುಡುಗರ ಕಾಲೇಜು. ಮಂಗಳೂರಿನ ಹೆಣ್ಣು ಮಕ್ಕಳಿಗಾಗಿ ಕಾರ್ಮೆಲ್ ಸಭೆಯ ಸನ್ಯಾಸಿನಿಯರು 1921ರಲ್ಲಿ ಸಂತ ಆಗ್ನೆಸ್ ಕಾಲೇಜು ತೆರೆದರು. ಈಗ ಅಲೋಶಿಯಸ್‌ನಲ್ಲೂ ಹುಡುಗಿಯರು ಓದುತ್ತಾರೆ. ನಾವು ಹೋದ ದಿನ ಪುಸ್ತಕ ಎದೆಗವಚಿಕೊಂಡು ಮೆಟ್ಟಿಲು ಹತ್ತುತ್ತಿದ್ದ ಹುಡುಗಿಯರನ್ನು ಕಂಡು, ಯಾಕೋ ಏನೋ, ನನ್ನ ಕಣ್ಣು ತುಂಬಿ ಬಂತು.

ಡಿಗ್ರಿ ಯಾರ ಹೆಸರಿನದು?

ಕಾಲೇಜು, ವಿಶ್ವವಿದ್ಯಾಲಯ ಎರಡೂ ಒಂದೇ ಅಲ್ಲವೇ ಎಂದು ನಾನೂ ತಿಳಿದಿದ್ದೆ. ವ್ಯತ್ಯಾಸ ಇದೆ ನೋಡಿ. ಸಾಮಾನ್ಯ ಕಾಲೇಜಿನಲ್ಲಿ ಪಾಠ ಮಾತ್ರ ಅವರದು. ಪಠ್ಯ, ಪ್ರಶ್ನೆಪತ್ರಿಕೆ, ಡಿಗ್ರಿ ಎಲ್ಲ ವಿಶ್ವವಿದ್ಯಾಲಯದ್ದು. ನಮ್ಮ ಕಡೆಯ ಕಾಲೇಜುಗಳಿಗೆ ಬಳ್ಳಾರಿಯಲ್ಲಿ 2010ರಲ್ಲಿ ಆರಂಭವಾದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇದ್ದಂತೆ, ಅಲೋಶಿಯಸ್‌ಗೆ 1980ರಿಂದ ಮಂಗಳೂರು ವಿಶ್ವವಿದ್ಯಾಲಯ ಇತ್ತು. 2007ರಲ್ಲಿ ಸ್ವಾಯತ್ತ ಕಾಲೇಜಾಯಿತು. ಆಗ ಪಠ್ಯ, ಪರೀಕ್ಷೆ ಅದರದೇ, ಡಿಗ್ರಿ ಮಾತ್ರ ಮಂಗಳೂರು ವಿಶ್ವವಿದ್ಯಾಲಯದ್ದು. 2024ರ ಜನವರಿಯಲ್ಲಿ ಕೇಂದ್ರ ಸರ್ಕಾರ ಇದನ್ನು 'ಡೀಮ್ಡ್' ವಿಶ್ವವಿದ್ಯಾಲಯವೆಂದು ಮಾನ್ಯ ಮಾಡಿತು. ಇನ್ನು ಡಿಗ್ರಿಯೂ ಅದರ ಹೆಸರಿನಲ್ಲೇ. ಬೆಂಗಳೂರಿನಲ್ಲೂ ಇಂಥವಿವೆ: 1969ರ ಕ್ರೈಸ್ಟ್ ಕಾಲೇಜು 2008ರಲ್ಲಿ ಡೀಮ್ಡ್ ಆಯಿತು, 1882ರ ಸೇಂಟ್ ಜೋಸೆಫ್ಸ್ ಕಾಲೇಜಿನ ವಿಶ್ವವಿದ್ಯಾಲಯವನ್ನು 2022ರಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಉದ್ಘಾಟಿಸಿದರು.

ಸರಿ, ಅತ್ತೆಯವರ ದೊಡ್ಡ ಭಯ ಉಳಿಯಿತಲ್ಲ: "ಹುಡುಗಿ ಜಾತಿ ಬಿಟ್ಟರೆ?" ಇದಕ್ಕೆ ಸಂವಿಧಾನದಲ್ಲೇ ಉತ್ತರವಿದೆ. ಅಲ್ಪಸಂಖ್ಯಾತರು ತಮ್ಮ ವಿದ್ಯಾಸಂಸ್ಥೆ ನಡೆಸಬಹುದು ಎನ್ನುತ್ತದೆ 30ನೇ ವಿಧಿ. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಸಂಸ್ಥೆಯಲ್ಲಿ ಒಪ್ಪಿಗೆ ಇಲ್ಲದೆ ಯಾರನ್ನೂ ಧರ್ಮಬೋಧನೆಗೆ, ಪೂಜೆ–ಪ್ರಾರ್ಥನೆಗೆ ಕೂರಿಸುವಂತಿಲ್ಲ ಎನ್ನುತ್ತದೆ 28ನೇ ವಿಧಿ. ಹದಿನೆಂಟು ತುಂಬದ ಮಕ್ಕಳಿದ್ದರೆ ಪೋಷಕರ ಒಪ್ಪಿಗೆ ಬೇಕು. ಇಷ್ಟನ್ನೂ ಬಿಡಿಸಿ ಹೇಳಿದ ಮೇಲೆ ಅತ್ತೆ ಹೇಳಿದರು: "ಹಂಗಾದ್ರ ಕೊಟ್ಟೂರಪ್ಪನ ಫೋಟೋ ಒಂದು ಪೆಟ್ಟಿಗ್ಯಾಗ ಇಡು."

ಹಣ ಕಟ್ಟುವ ಮುನ್ನ

ನಮ್ಮ ಬಳಗದ ಹುಡುಗಿಯೊಬ್ಬಳು ಎಲ್ಲೋ ಒಂದು ಕಾಲೇಜಿಗೆ ಸೇರಿ, ಒಂದು ವರ್ಷವಾದ ಮೇಲೆ ಆ ಕೋರ್ಸಿಗೆ ಮಾನ್ಯತೆಯೇ ಇಲ್ಲವೆಂದು ತಿಳಿದು ಅತ್ತಿದ್ದನ್ನು ಕಂಡಿದ್ದೇನೆ. ಹೆಸರು ಬೇಡ. ಆದರೆ ನೀವು ಎಚ್ಚರವಾಗಿರಿ.

* ಡಿಗ್ರಿ ಯಾವ ವಿಶ್ವವಿದ್ಯಾಲಯದ್ದು, ಅದು ಯು.ಜಿ.ಸಿ. ಪಟ್ಟಿಯಲ್ಲಿದೆಯೇ? ಮಗಳಿಂದಲೇ ಯು.ಜಿ.ಸಿ. ಪಟ್ಟಿ ತೆಗೆಸಿ ನೋಡಿ.

* ಮೊದಲ ವರ್ಷದ ಫೀ ಕೇಳಿ ತೃಪ್ತರಾಗಬೇಡಿ. ಪರೀಕ್ಷೆ, ಲ್ಯಾಬ್, ಹಾಸ್ಟೆಲ್, ಊಟ, ಠೇವಣಿ ಸೇರಿಸಿ ಮೂರು ವರ್ಷದ ಲೆಕ್ಕ ಬರೆಸಿಕೊಳ್ಳಿ.

* ವಿದ್ಯಾರ್ಥಿವೇತನ, ನಮ್ಮ ಭಾಗದ 371(ಜೆ) ಸೌಲಭ್ಯ ಅಲ್ಲಿ ಅನ್ವಯಿಸುತ್ತವೆಯೇ ಎಂದು ಮೊದಲೇ ಕೇಳಿ. ಜಾತಿ–ಆದಾಯ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಡಿ.

* ಹಾಸ್ಟೆಲ್ಲಿಗೆ ತಾಯಿಯೇ ಹೋಗಿ ನೋಡಬೇಕು. ನೀರು, ಬಚ್ಚಲು, ಬಾಗಿಲ ಚಿಲಕ, ವಾರ್ಡನ್ ಮಾತಿನ ಧಾಟಿ, ಇವನ್ನೆಲ್ಲ ಗಂಡಸರು ಗಮನಿಸುವುದಿಲ್ಲ.

ಹತ್ತಿರದ ಕಾಲೇಜು ಕೀಳೆಂದು ನಾನು ಹೇಳುತ್ತಿಲ್ಲ. ಬೇಕಾದ ವಿಷಯ ಊರಲ್ಲೇ ಸಿಕ್ಕರೆ ಅದೇ ಒಳ್ಳೆಯದು. ಆದರೆ ದೂರವೆಂಬ ಒಂದೇ ಕಾರಣಕ್ಕೆ, ಪಾದ್ರಿಗಳದೆಂಬ ಒಂದೇ ಕಾರಣಕ್ಕೆ, ಹೋಗಿ ನೋಡದೆ "ಬ್ಯಾಡ" ಅನ್ನಬೇಡಿ. ನನ್ನ ಕಾಲಕ್ಕೆ ನನಗಾಗಿ ಹೋಗಿ ನೋಡಿ ಬರುವವರು ಯಾರೂ ಇರಲಿಲ್ಲ.

ಅಲೋಶಿಯಸ್‌ನ ಲ್ಯಾಟಿನ್ ಧ್ಯೇಯವಾಕ್ಯದ ಅರ್ಥ, ಬೆಳಗುತ್ತದೆ, ಉರಿಯುತ್ತದೆ ಎಂದು. ದೀಪದ ಗುಣವೇ ಅದಲ್ಲವೇ? ದಿನಾ ಸಂಜೆ ದೀಪ ಹಚ್ಚುವ ನಮಗೆ ಬೇರೆ ಹೇಳಬೇಕೇ?

ಮಗಳು ಹೋದಳು. ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಪೆಟ್ಟಿಗೆಯಲ್ಲಿ ಕೊಟ್ಟೂರಪ್ಪನ ಫೋಟೋ. ವಾರ ಕಳೆದು ಫೋನ್ ಮಾಡಿದಳು: "ಅವ್ವಾ, ಚಟ್ನಿಪುಡಿ ಎರಡೇ ದಿನಕ್ಕ ಖಾಲಿ ಆತು. ರೂಮಿನ ಹುಡುಗ್ಯಾರೆಲ್ಲ ತಿಂದ್ರು. ಇನ್ನಷ್ಟು ಕಳಿಸು."

ಅತ್ತೆಯವರೇ ಶೇಂಗಾ ಹುರಿಯಲು ಕೂತರು.