ಗೇಟಿನೊಳಗೆ ನಿಂತ ಕಾರು

ಹಳೆಯ ಬಡಾವಣೆಗಳ ಬೀದಿಯಲ್ಲಿ ನಡೆದು ಹೋಗುವಾಗ ಈ ನೋಟ ಆಗಾಗ ಕಣ್ಣಿಗೆ ಬೀಳುತ್ತದೆ. ಕಾಂಪೌಂಡಿನ ಮೂಲೆಯಲ್ಲಿ, ತೆಂಗಿನ ಮರದಡಿ, ಒಂದು ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ ಕಾರು. ಹೊದಿಸಿದ ಟಾರ್ಪಾಲು ಹರಿದಿದೆ, ಟೈರುಗಳಲ್ಲಿ ಗಾಳಿಯಿಲ್ಲ, ಬಾನೆಟ್ಟಿನ ಮೇಲೆ ಬೆಕ್ಕು ಮಲಗಿದೆ. ಯಜಮಾನರನ್ನು ಕೇಳಿದರೆ ‘ರಿಪೇರಿ ಮಾಡಿಸಬೇಕು’ ಎನ್ನುತ್ತಾರೆ. ಹಾಗೆನ್ನಲು ಶುರುಮಾಡಿ ಹತ್ತು ವರ್ಷವಾಗಿರುತ್ತದೆ!

ಬೀಟಿಗೆ ಬಂದ ಪೊಲೀಸರೊಬ್ಬರು ಗೇಟು ತೆರೆದು ಒಳಗೆ ಬಂದು, ‘ಈ ಗಾಡಿಯ ಬ್ರೇಕು, ಟೈರು ಪರೀಕ್ಷೆ ಮಾಡಬೇಕು’ ಎಂದರೆ ಯಜಮಾನರು ಒಪ್ಪಲೇಬೇಕೇ? ಪೌರನೀತಿಯ ಪಾಠದಲ್ಲಿ ಮೂಲಭೂತ ಹಕ್ಕುಗಳನ್ನು ಓದಿದ ವಿದ್ಯಾರ್ಥಿ ‘ಬೇಕಿಲ್ಲ’ ಎಂದಾನು. ದಿನವೂ ಅಪಘಾತದ ಸುದ್ದಿ ಓದುವ ಅವನ ತಂದೆ ‘ನೋಡಿದರೆ ತಪ್ಪೇನು?’ ಎಂದಾರು. ಕಾಯಿದೆ ಇಬ್ಬರ ಮಾತನ್ನೂ ಅರ್ಧರ್ಧ ಒಪ್ಪುತ್ತದೆ.

ನಮ್ಮಲ್ಲಿ ಇದಕ್ಕೆ ಆಧಾರ 1988ರ ಮೋಟಾರು ವಾಹನಗಳ ಕಾಯಿದೆ. ಅಪಾಯಕಾರಿ ದೋಷವಿರುವ ವಾಹನವನ್ನು ಓಡಿಸುವುದು ಅಥವಾ ಬೇರೆಯವರಿಗೆ ಓಡಿಸಲು ಬಿಡುವುದು ಅದರ 190ನೇ ಕಲಮಿನಂತೆ ಅಪರಾಧ. 2019ರ ತಿದ್ದುಪಡಿಯ ನಂತರ ದಂಡ 1500 ರೂಪಾಯಿ. ಆ ದೋಷದಿಂದಲೇ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಅಥವಾ ಆಸ್ತಿ ನಷ್ಟವಾದರೆ ಮೂರು ತಿಂಗಳವರೆಗೆ ಸೆರೆಮನೆ ಇಲ್ಲವೆ 5000 ರೂಪಾಯಿಯವರೆಗೆ ದಂಡ, ಅಥವಾ ಎರಡೂ. ‘ದೋಷವಿರುವುದು ಗೊತ್ತಿರಲಿಲ್ಲ ಸ್ವಾಮಿ’ ಎಂದು ಪಾರಾಗುವಂತಿಲ್ಲ. ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ತಿಳಿಯಬಹುದಾಗಿದ್ದ ದೋಷಕ್ಕೂ ಮಾಲೀಕ ಹೊಣೆ.

ಆದರೆ ಈ ಕಲಮಿನಲ್ಲಿ ಎರಡು ಪದಗಳನ್ನು ಗಮನಿಸಬೇಕು. ಒಂದು ‘ಓಡಿಸುವುದು’, ಇನ್ನೊಂದು ‘ಸಾರ್ವಜನಿಕ ಸ್ಥಳದಲ್ಲಿ’. ನಿಂತ ಗಾಡಿ ಓಡುತ್ತಿಲ್ಲ. ಮನೆಯಂಗಳ ಸಾರ್ವಜನಿಕ ಸ್ಥಳವಲ್ಲ. ಜನರಿಗೆ ಪ್ರವೇಶದ ಹಕ್ಕಿರುವ ರಸ್ತೆ, ಬೀದಿ, ದಾರಿ ಅಥವಾ ಬೇರೆ ಜಾಗ ಎಂದು ಕಾಯಿದೆಯೇ ಸಾರ್ವಜನಿಕ ಸ್ಥಳದ ವ್ಯಾಖ್ಯೆ ಕೊಟ್ಟಿದೆ. ಅಪಘಾತ ಪರಿಹಾರದ ಮೊಕದ್ದಮೆಗಳಲ್ಲಿ ಹಲವು ಉಚ್ಚ ನ್ಯಾಯಾಲಯಗಳು ಈ ವ್ಯಾಖ್ಯೆಯನ್ನು ಸಾಕಷ್ಟು ಹಿಗ್ಗಿಸಿ ಓದಿರುವುದುಂಟು. ಆದರೂ ಗೇಟು ಹಾಕಿದ ಅಂಗಳಕ್ಕೆ ಅದು ತಾನಾಗಿ ಅನ್ವಯಿಸದು. 2025ರಲ್ಲಿ ಸರ್ವೋಚ್ಚ ನ್ಯಾಯಾಲಯ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಆವರಣದೊಳಗಷ್ಟೇ ಓಡಾಡುತ್ತಿದ್ದ ವಾಹನಗಳ ವಿಚಾರದಲ್ಲಿ, ಸಾರ್ವಜನಿಕ ಸ್ಥಳದಲ್ಲಿ ಬಳಸದ ಗಾಡಿಗೆ ಆ ಅವಧಿಯ ವಾಹನ ತೆರಿಗೆಯೂ ಬೇಕಿಲ್ಲ ಎಂದಿತು.

ಇಷ್ಟಕ್ಕೇ ‘ನನ್ನ ಜಾಗ, ನನ್ನ ಕಾರು’ ಎಂದು ಮೀಸೆ ತಿರುವುವಂತಿಲ್ಲ. 39ನೇ ಕಲಮು ನೋಂದಣಿಯಿಲ್ಲದ ವಾಹನವನ್ನು ‘ಸಾರ್ವಜನಿಕ ಸ್ಥಳದಲ್ಲಾಗಲಿ ಬೇರಾವ ಸ್ಥಳದಲ್ಲಾಗಲಿ’ ಓಡಿಸಕೂಡದು ಎನ್ನುತ್ತದೆ. ಬೇರಾವ ಸ್ಥಳ ಎಂದರೆ ತೋಟವೂ ಬಂತು, ಹಿತ್ತಿಲೂ ಬಂತು. ಸ್ವಂತ ಕಾರಿನ ನೋಂದಣಿಗೆ 15 ವರ್ಷದ ಆಯುಸ್ಸು. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಅವಧಿ ಮುಗಿದ ಕಾರನ್ನು ನಿಲ್ಲಿಸಿಟ್ಟರೆ ಈ ಕಲಮು ತಟ್ಟದು. ರಜೆಯಲ್ಲಿ ಬಂದ ಮೊಮ್ಮಗ ತೋಟದಲ್ಲಿ ಒಂದು ಸುತ್ತು ಹೊಡೆದರೆ ಅಕ್ಷರಶಃ ತಟ್ಟುತ್ತದೆ.

ಶಾಲಾ ವ್ಯಾನಿನ ಲೆಕ್ಕವೇ ಬೇರೆ

ಬಾಡಿಗೆ ಹಾಗೂ ಶಾಲಾ ವಾಹನಗಳಿಗೆ ಯೋಗ್ಯತಾ ಪ್ರಮಾಣಪತ್ರ, ಅಂದರೆ ಜನ ಎಫ್.ಸಿ. ಎನ್ನುವ ಕಾಗದ, ಕಡ್ಡಾಯ. ಗಾಡಿಗೆ ಎಂಟು ವರ್ಷವಾಗುವವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ವರ್ಷವರ್ಷವೂ ಅದನ್ನು ಪಡೆಯಬೇಕು. ಎಫ್.ಸಿ. ಇಲ್ಲದ ಇಂಥ ವಾಹನ ನೋಂದಣಿಯಾಗಿದ್ದರೂ ಆಗಿಲ್ಲದಂತೆ ಎಂಬುದು 56ನೇ ಕಲಮಿನ ಮಾತು. ನೋಂದಣಿಯಿಲ್ಲದೆ ‘ಬಳಸಿದ ಅಥವಾ ಬಳಸುತ್ತಿರುವ’ ವಾಹನವನ್ನು ಪೊಲೀಸರು ತಡೆಹಿಡಿಯಬಹುದೆಂದು 207ನೇ ಕಲಮು ಹೇಳುತ್ತದೆ. ನಿನ್ನೆ ಮಕ್ಕಳನ್ನು ತುಂಬಿಕೊಂಡು ಹೋದದ್ದಕ್ಕೆ ಆಧಾರವಿದ್ದರೆ, ಇಂದು ವ್ಯಾನು ಶೆಡ್ಡಿನಲ್ಲಿದೆ ಎಂಬುದು ಮಾಲೀಕನಿಗೆ ರಕ್ಷೆಯಾಗದು. ತಮ್ಮ ಮಕ್ಕಳ ವ್ಯಾನಿನ ಎಫ್.ಸಿ. ಯಾವಾಗ ಮುಗಿಯುತ್ತದೆಂದು ಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿ ಯಾರು ಬೇಕಾದರೂ ನೋಡಬಹುದು. ಫೀಸು, ಅಂಕಪಟ್ಟಿ ವಿಚಾರಿಸುವಷ್ಟು ಆಸ್ಥೆಯಿಂದ ಇದನ್ನು ವಿಚಾರಿಸುವ ಪೋಷಕರು ಕಡಿಮೆ.

ಹಾಗಾದರೆ ಗೇಟು ದಾಟಿ ಬರುವ ಅಧಿಕಾರ ಯಾರಿಗಿದೆ? 213ನೇ ಕಲಮು ಅದನ್ನು ಮೋಟಾರು ವಾಹನ ಅಧಿಕಾರಿಗಳಿಗೆ ಕೊಟ್ಟಿದೆ, ಅದೂ ಲಗಾಮು ಹಾಕಿ. ಅಪರಾಧ ನಡೆದಿದೆ ಎಂದು ನಂಬಲು ಕಾರಣವಿರಬೇಕು. ವಾರಂಟಿಲ್ಲದೆ ಶೋಧಿಸುವವರು ಗೆಜೆಟೆಡ್ ದರ್ಜೆಯವರಾಗಿರಬೇಕು. ವಾರಂಟು ಏಕೆ ಪಡೆಯಲಿಲ್ಲ ಎಂದು ಬರೆದಿಟ್ಟು ಮೇಲಧಿಕಾರಿಗೆ ವರದಿ ಮಾಡಬೇಕು. ಬರೀ ದಂಡದ ಅಪರಾಧವಾದರೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಶೋಧಿಸುವಂತಿಲ್ಲ. ಪೊಲೀಸರು ತನಿಖೆಗಾಗಿ ವಾರಂಟಿಲ್ಲದೆ ಶೋಧಿಸುವುದಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಕಾರಣಗಳನ್ನು ಬರೆದಿಡಬೇಕು, ಶೋಧವನ್ನು ವಿಡಿಯೋ ಮಾಡಬೇಕು, ದಾಖಲೆಯ ಪ್ರತಿಯನ್ನು 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು.

ಅಪಘಾತವಾದ ಗಾಡಿಗೆ ಮಾತ್ರ ಈ ಬೇಲಿ ತಗ್ಗುತ್ತದೆ. ಯಾರಿಗೋ ಗುದ್ದಿ ಬಂದು ಗ್ಯಾರೇಜಿನಲ್ಲಿ ಬಚ್ಚಿಟ್ಟರೂ ಸರ್ಕಾರದ ಅಧಿಕಾರ ಪಡೆದವರು ಸೂಕ್ತ ಹೊತ್ತಿನಲ್ಲಿ ಆ ಜಾಗಕ್ಕೆ ಹೋಗಿ ವಾಹನ ಪರೀಕ್ಷಿಸಬಹುದು, ಬೇಕಿದ್ದರೆ ಒಯ್ಯಬಹುದು ಎನ್ನುತ್ತದೆ 136ನೇ ಕಲಮು. ಎಲ್ಲಿಗೆ ಒಯ್ದರೆಂದು ಮಾಲೀಕನಿಗೆ ತಿಳಿಸಬೇಕು. ವಿಧಿವಿಧಾನ ಮುಗಿದ ಮೇಲೆ 24 ಗಂಟೆಯೊಳಗೆ ಹಿಂದಿರುಗಿಸಬೇಕು. ಅಪಘಾತಕ್ಕೆ ಯಾಂತ್ರಿಕ ದೋಷ ಕಾರಣವೇ ಎಂಬ ಪ್ರಶ್ನೆಗೆ ಮೋಟಾರು ವಾಹನ ನಿರೀಕ್ಷಕರು ಕೊಡುವ ವರದಿ ನ್ಯಾಯಾಲಯದಲ್ಲಿ ತುಂಬ ತೂಕದ್ದು.

ಬ್ರಿಟನ್ನಿನಲ್ಲಿ ಇದೇ ತೂಗುವಿಕೆಯನ್ನು ಬೇರೆ ರೀತಿ ಮಾಡಿದ್ದಾರೆ. ಅಲ್ಲಿನ 1986ರ ವಾಹನ ನಿರ್ಮಾಣ ಮತ್ತು ಬಳಕೆ ನಿಯಮಗಳ 74ನೇ ನಿಯಮದಂತೆ ಸಮವಸ್ತ್ರದಲ್ಲಿರುವ ಪೊಲೀಸರು ಖಾಸಗಿ ಜಾಗದಲ್ಲಿ ನಿಂತ ಗಾಡಿಯ ಬ್ರೇಕು, ಸೈಲೆನ್ಸರು, ಸ್ಟಿಯರಿಂಗು, ಟೈರುಗಳನ್ನು ಪರೀಕ್ಷಿಸಬಹುದು. ಆದರೆ ಜಾಗದ ಒಡೆಯ ಮೊದಲು ಒಪ್ಪಬೇಕು. ಗಾಡಿಯ ಒಡೆಯನೂ ಒಪ್ಪಬೇಕು, ಇಲ್ಲವೆ ಅವನಿಗೆ ಖುದ್ದಾಗಿ 48 ಗಂಟೆ ಮೊದಲು, ಅಂಚೆಯಲ್ಲಾದರೆ 72 ಗಂಟೆ ಮೊದಲು ನೋಟೀಸು ಕೊಡಬೇಕು. ಅಪಘಾತವಾಗಿ 48 ಗಂಟೆಯೊಳಗಾದರೆ ಗಾಡಿಯ ಒಡೆಯನಿಗೆ ಆ ನೋಟೀಸು ಬೇಡ. ನೋಟೀಸಿನ ಎರಡು ದಿನದಲ್ಲಿ ಬೋಳು ಟೈರು ಬದಲಾಗಿಬಿಟ್ಟರೆ? ಆಗಲಿ, ಬದಲಾಗಬೇಕೆಂಬುದೇ ಅಲ್ಲವೆ ಕಾಯಿದೆಯ ಆಸೆ!

ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರಿಗೆ ನೆನಪಿರಬೇಕಾದ ಸಂಗತಿ.

ನಿಂತ ಗಾಡಿಯೂ ಕೆಡುತ್ತದೆ

ಓಡದ ಗಾಡಿ ಸವೆಯುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಗಾಳಿಯಲ್ಲಿನ ಆಮ್ಲಜನಕ ಮತ್ತು ಓಜೋನ್ ರಬ್ಬರಿನ ಅಣುಸರಪಳಿಗಳನ್ನು ಕತ್ತರಿಸುವುದರಿಂದ ಟೈರಿನ ಪಕ್ಕೆಯಲ್ಲಿ ಬಿರುಕು ಮೂಡುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ‘ಡಾಟ್ 3’ ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಇರಬೇಕು. ನೀರು ಸೇರಿದಾಗ ಅದು 140ರ ಆಸುಪಾಸಿಗೆ ಇಳಿಯಬಹುದು. ಘಾಟಿ ಇಳಿಯುವಾಗ ಬ್ರೇಕು ಕಾದು ದ್ರವ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ತುಂಬುತ್ತದೆ. ಆವಿ ಕುಗ್ಗುತ್ತದೆ, ದ್ರವ ಕುಗ್ಗದು; ಆದ್ದರಿಂದ ಪೆಡಲು ಒತ್ತಿದರೂ ಗಾಡಿ ನಿಲ್ಲದು.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಗಂಟೆಗೆ 60 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 16.7 ಮೀಟರು. ಘರ್ಷಣಾಂಕ 0.7 ಇದ್ದರೆ ಬ್ರೇಕು ಹಿಡಿದ ಮೇಲೆ ಗಾಡಿ 20 ಮೀಟರಿನಲ್ಲಿ ನಿಲ್ಲುತ್ತದೆ. ಸವೆದ ಟೈರು, ಒದ್ದೆ ರಸ್ತೆ ಸೇರಿ ಅದು 0.35ಕ್ಕೆ ಇಳಿದರೆ 40 ಮೀಟರು. ಕಾರಿನ ಟೈರಿನ ತೋಡಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಕೂಡದೆಂಬ ಕೇಂದ್ರ ನಿಯಮ ಇದಕ್ಕಾಗಿಯೇ ಇರುವುದು.

ಇನ್ನೊಂದು ಅಪಾಯಕ್ಕೆ ಗಾಡಿ ಗೇಟು ದಾಟಲೇ ಬೇಕಾಗಿಲ್ಲ. 2025ರ ಮೇ ತಿಂಗಳಲ್ಲಿ ಆಂಧ್ರಪ್ರದೇಶದ ವಿಜಯನಗರಂ ಬಳಿಯ ದ್ವಾರಪುಡಿಯಲ್ಲಿ ಆಡಲು ಹೋದ ನಾಲ್ವರು ಮಕ್ಕಳು ನಿಂತಿದ್ದ ಕಾರಿನೊಳಗೆ ಸಿಕ್ಕಿಕೊಂಡು ಉಸಿರುಗಟ್ಟಿ ಸತ್ತರು. ಗಾಜಿನ ಮೂಲಕ ಬೆಳಕು ಒಳಗೆ ಬಂದು ಸೀಟು, ಡ್ಯಾಷ್‌ಬೋರ್ಡು ಕಾಯುತ್ತವೆ. ಕಾದ ಗಾಳಿಗೆ ಹೊರಹೋಗಲು ದಾರಿಯಿಲ್ಲ. ಬಿಸಿಲಿನಲ್ಲಿ ಹತ್ತೇ ನಿಮಿಷಕ್ಕೆ ಒಳಗಿನ ಉಷ್ಣತೆ ಸುಮಾರು ಹತ್ತು ಡಿಗ್ರಿ ಏರುತ್ತದೆ. ಮಕ್ಕಳ ಮೈ ದೊಡ್ಡವರ ಮೈಗಿಂತ ಬೇಗ ಕಾಯುತ್ತದೆ. ಹಳೆಯ ಕಾರಿನ ಬಾಗಿಲ ಹಿಡಿ ಒಳಗಿನಿಂದ ಕೆಲಸ ಮಾಡುತ್ತದೆಯೇ ಎಂದು ಯಾವ ಇಲಾಖೆಯೂ ಬಂದು ನೋಡುವುದಿಲ್ಲ. ಅಂಥ ಕಾರಿನ ಬಾಗಿಲು, ಡಿಕ್ಕಿ ಎರಡಕ್ಕೂ ಬೀಗ ಹಾಕಿ ಕೀಲಿಯನ್ನು ಮಕ್ಕಳ ಕೈಗೆಟುಕದ ಮೊಳೆಗೆ ನೇತುಹಾಕುವುದು ಮನೆಯವರ ಕೆಲಸ.

ರಿಪೇರಿಯ ಆಸೆ ಬಿಟ್ಟವರಿಗೆ 2021ರ ನಿಯಮಗಳಂತೆ ನೋಂದಾಯಿತ ಗುಜರಿ ಕೇಂದ್ರಗಳಿವೆ. ಅಲ್ಲಿ ಗಾಡಿ ಒಪ್ಪಿಸಿದರೆ ಠೇವಣಿ ಪ್ರಮಾಣಪತ್ರ ಸಿಗುತ್ತದೆ. ಹೊಸ ವಾಹನ ಕೊಳ್ಳುವಾಗ ಅದನ್ನು ತೋರಿಸಿದರೆ ನೋಂದಣಿ ಶುಲ್ಕ ಉಳಿಯುತ್ತದೆ.